ತಕ್ಕಡಿಯ ಇನ್ನೊಂದು ತಟ್ಟೆ: ಆಟಿಸಂ ಇರುವ ಮಗುವಿನ ಅಪ್ಪ ಅಮ್ಮ ಯಾಕೆ ಸೋತು ಸುಣ್ಣವಾಗುತ್ತಾರೆ

ರಾತ್ರಿ ಎರಡೂವರೆ. ಹಾಲ್‌ನಲ್ಲಿ ಸ್ವಿಚ್ ಟಕ್ ಟಕ್ ಅನ್ನುತ್ತಿತ್ತು. ಲೈಟ್ ಹತ್ತುತ್ತಿತ್ತು, ಆರುತ್ತಿತ್ತು. ಏಳು ವರ್ಷದ ಮಗ ಸ್ವಿಚ್‌ಬೋರ್ಡಿನ ಮುಂದೆ ತುದಿಗಾಲಲ್ಲಿ ನಿಂತು ಮೆಟ್ರೊ ಘೋಷಣೆ ಹೇಳುತ್ತಿದ್ದ. ‘ಮುಂದಿನ ನಿಲ್ದಾಣ ಲಾಲ್‌ಬಾಗ್.’ ‘ಮುಂದಿನ ನಿಲ್ದಾಣ ಸೌತ್ ಎಂಡ್ ಸರ್ಕಲ್.’ ಅದು ಸತತ ನಾಲ್ಕನೆಯ ರಾತ್ರಿ. ನಾನು ಬಚ್ಚಲುಮನೆಗೆ ಹೋಗಿ, ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು ನಲ್ಲಿ ತಿರುಗಿಸಿದೆ. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಆಚೆಯಿಂದ ಬರುತ್ತಿದ್ದ ಅವನ ದನಿ ಪಕ್ಕದ ಮನೆಯ ಟಿವಿ ಸದ್ದಿನ ಹಾಗೆ, ನನಗೆ ಸಂಬಂಧವೇ ಇಲ್ಲದ್ದರ ಹಾಗೆ ಕೇಳುತ್ತಿತ್ತು. ಹೆದರಿಕೆಯಾದದ್ದು ಅದಕ್ಕೇ. ಮಗನ ಮೇಲಿನ ಪ್ರೀತಿ ಬತ್ತಿಹೋಯಿತೇನೋ ಅನ್ನಿಸಿಬಿಟ್ಟಿತು.

ಬತ್ತಿರಲಿಲ್ಲ. ನನಗೆ ಆಗುತ್ತಿದ್ದದ್ದಕ್ಕೆ ಒಂದು ಹೆಸರಿದೆ, ಅದರ ಮೇಲೆ ಸಾಕಷ್ಟು ಸಂಶೋಧನೆಯೂ ನಡೆದಿದೆ. ಮಗನಿಗೆ ಆಟಿಸಂ ಇದೆ, ಅಂದರೆ ಅವನ ಮಿದುಳು ಬೆಳೆದ ರೀತಿಯೇ ಬೇರೆ. ಅವನಿಗೆ ಈಗ ಹದಿಮೂರು. ಇಷ್ಟು ವರ್ಷ ಓದಿ, ಕೇಳಿ, ಥೆರಪಿ ಸೆಂಟರುಗಳ ಹೊರಗಿನ ಬೆಂಚಿನ ಮೇಲೆ ಬೇರೆ ಅಮ್ಮಂದಿರ ಜೊತೆ ಕೂತು ತಿಳಿದುಕೊಂಡದ್ದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಬರ್ನ್‌ಔಟ್ ಅಂದರೆ ಏನು

ಈ ಮಾತನ್ನು ಇಂದಿನ ಅರ್ಥದಲ್ಲಿ ಚಲಾವಣೆಗೆ ತಂದವರು ನ್ಯೂಯಾರ್ಕಿನ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್, 1974ರಲ್ಲಿ. ಉಚಿತ ಚಿಕಿತ್ಸಾಲಯದಲ್ಲಿ ಹಗಲಿರುಳು ದುಡಿಯುತ್ತಿದ್ದವರು ಬರಬರುತ್ತ ಒಳಗಿನಿಂದ ಬೂದಿಯಾದವರ ಹಾಗೆ ಆಗುವುದನ್ನು ಅವರು ಕಣ್ಣಾರೆ ಕಂಡಿದ್ದರು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗ ವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ ಬರ್ನ್‌ಔಟಿಗೆ ವಿವರಣೆ ಕೊಟ್ಟಿತು. ಆದರೆ ಇದು ಉದ್ಯೋಗಕ್ಕೆ ಸಂಬಂಧಿಸಿದ್ದು, ಬದುಕಿನ ಬೇರೆ ಭಾಗಗಳಿಗೆ ಈ ಪದ ಬಳಸಬಾರದು ಎಂದೂ ಹೇಳಿತು. ಸಂಬಳ, ರಜೆ, ರಾಜೀನಾಮೆ ಮೂರೂ ಇಲ್ಲದ ದುಡಿಮೆಯಲ್ಲಿರುವ ತಾಯಿಗೆ ಆ ವಿವರಣೆಯಲ್ಲಿ ಜಾಗವಿಲ್ಲ.

ಆ ಜಾಗವನ್ನು ಮಾಡಿಕೊಟ್ಟವರು ಬೆಲ್ಜಿಯಂನ ಲೂವೆನ್ ಕ್ಯಾಥೊಲಿಕ್ ವಿಶ್ವವಿದ್ಯಾಲಯದ ಇಸಬೆಲ್ ರೊಸ್ಕಾಮ್ ಮತ್ತು ಮೊಯ್ರಾ ಮಿಕೊಲಾಯ್‌ಚಾಕ್. ಹೆತ್ತವರ ಬರ್ನ್‌ಔಟನ್ನೇ ಬೇರೆಯಾಗಿ ಅಧ್ಯಯನ ಮಾಡಿ 2018ರಲ್ಲಿ ಅದನ್ನು ಅಳೆಯುವ ಪ್ರಶ್ನಾವಳಿ ರೂಪಿಸಿದರು. ಅದರಲ್ಲಿ ನಾಲ್ಕು ಲಕ್ಷಣಗಳಿವೆ. ಮೊದಲನೆಯದು, ನಿದ್ದೆಯಿಂದ ಎದ್ದ ತಕ್ಷಣವೇ ಇವತ್ತಿನ ದಿನ ನನ್ನ ಕೈಲಾಗದು ಅನ್ನಿಸುವಷ್ಟು ದಣಿವು. ಎರಡನೆಯದು, ‘ನಾನು ಹಿಂಗಿರಲಿಲ್ಲ’ ಅನ್ನುವ ಕೊರಗು. ಮೊದಲು ಎಂಥ ಅಮ್ಮನಾಗಿದ್ದೆ, ಈಗ ಏನಾಗಿದ್ದೇನೆ ಎಂದು ಹೋಲಿಸಿಕೊಂಡು ನಾಚುವುದು. ಮೂರನೆಯದು, ಮಗುವಿನ ಜೊತೆ ಇರುವುದರಲ್ಲಿ ಯಾವ ಸುಖವೂ ಉಳಿಯದೆ ಸಾಕಪ್ಪಾ ಸಾಕು ಅನ್ನಿಸುವುದು. ನಾಲ್ಕನೆಯದು ಮನಸ್ಸು ದೂರ ಸರಿಯುವುದು. ಸ್ನಾನ, ಊಟ, ಸ್ಕೂಲು, ಥೆರಪಿ ಎಲ್ಲ ಹೊತ್ತುಹೊತ್ತಿಗೆ ನಡೆಯುತ್ತಿರುತ್ತದೆ, ಮಾಡುವವಳು ಮಾತ್ರ ಅಲ್ಲಿರುವುದಿಲ್ಲ. ಬಚ್ಚಲುಮನೆಯಲ್ಲಿ ನನಗೆ ಆಗಿದ್ದು ಇದೇ ನಾಲ್ಕನೆಯದು.

ಇಲ್ಲೊಂದು ವ್ಯತ್ಯಾಸ ಗೊತ್ತಿರಬೇಕು. ಬರೀ ದಣಿವಾದರೆ ಎರಡು ರಾತ್ರಿ ಕಣ್ತುಂಬ ನಿದ್ದೆ ಮಾಡಿದರೆ ಇಳಿಯುತ್ತದೆ. ಖಿನ್ನತೆಯಲ್ಲಿ ಬದುಕಿನ ಎಲ್ಲ ಮೂಲೆಯ ಬಣ್ಣವೂ ಹೋಗುತ್ತದೆ. ಬರ್ನ್‌ಔಟ್ ಆದವರು ಆಫೀಸಿನಲ್ಲಿ ಗೆಳತಿಯರ ಜೊತೆ ನಗಬಲ್ಲರು, ಮನೆಯ ಮೆಟ್ಟಿಲು ಹತ್ತುವಾಗ ಎದೆ ಭಾರವಾಗುತ್ತದೆ. ಹಾಗೇ ಬಿಟ್ಟರೆ ಬರ್ನ್‌ಔಟ್ ಖಿನ್ನತೆಗೆ ಜಾರುವುದುಂಟು. ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲೂ ಮನಸ್ಸಿಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಅದು ವೈದ್ಯರ ಹತ್ತಿರ ಹೋಗಲೇಬೇಕಾದ ಹೊತ್ತು.

ಭಾರ ಎಲ್ಲಿಂದ ಬರುತ್ತದೆ

ಬೆಲ್ಜಿಯಂನ ಆ ಇಬ್ಬರು ಕೊಟ್ಟ ವಿವರಣೆಯಲ್ಲಿ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ತಕ್ಕಡಿಯ ಚಿತ್ರ. ಒಂದು ತಟ್ಟೆಯಲ್ಲಿ ನಿಮ್ಮ ಮೇಲೆ ಬೀಳುವ ಭಾರಗಳು, ಇನ್ನೊಂದರಲ್ಲಿ ನಿಮಗೆ ಸಿಗುವ ಆಸರೆಗಳು. ಒಂದು ದಿನ, ಒಂದು ವಾರ ಭಾರದ ತಟ್ಟೆ ವಾಲಿದರೆ ಏನೂ ಆಗುವುದಿಲ್ಲ. ತಿಂಗಳುಗಟ್ಟಲೆ ವಾಲಿಯೇ ಇದ್ದರೆ ಯಾರಾದರೂ ಕುಸಿಯುತ್ತಾರೆ. ಎಷ್ಟು ಪ್ರೀತಿ ಇದೆ, ಎಷ್ಟು ತಾಳ್ಮೆ ಇದೆ ಅನ್ನುವುದರ ಪರೀಕ್ಷೆ ಇಲ್ಲಿಲ್ಲ. ಇದು ತೂಕದ ಲೆಕ್ಕ.

ಹೊರಗಿನವರು ಆ ತಟ್ಟೆಯಲ್ಲಿ ಕೂತಿರುವುದು ಮಗುವೇ ಅಂದುಕೊಳ್ಳುತ್ತಾರೆ. ‘ಪಾಪ, ಅಂಥ ಮಗು’ ಅನ್ನುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಸ್ವಿಚ್ ಒತ್ತುತ್ತ ಮೆಟ್ರೊ ನಿಲ್ದಾಣ ಹೇಳುವ ಹುಡುಗ ಭಾರವಲ್ಲ. ನಾಲ್ಕು ರಾತ್ರಿಯೂ ಅವನ ಜೊತೆ ಎದ್ದಿರಬೇಕಾದವಳು ಒಬ್ಬಳೇ ಆಗಿದ್ದದ್ದು ಭಾರ.

ನಿದ್ದೆಯಿಂದಲೇ ಶುರುಮಾಡೋಣ. ಆಟಿಸಂ ಇರುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ನಿದ್ದೆಯ ತೊಂದರೆ ಇರುತ್ತದೆ. ಮಗು ಎದ್ದರೆ ಅಮ್ಮನೂ ಏಳಬೇಕು, ಬೆಳಗ್ಗೆ ಆರಕ್ಕೆ ಹಾಲು ಕಾಯಿಸಲೂ ಏಳಬೇಕು. ನಿದ್ದೆ ಇಲ್ಲದವರಿಗೆ ತಾಳ್ಮೆಯ ಉಪದೇಶ ಮಾಡುವುದು ಖಾಲಿ ಸಿಲಿಂಡರಿನ ಮೇಲೆ ಅನ್ನಕ್ಕಿಟ್ಟ ಹಾಗೆ. ಮಗುವಿನ ನಿದ್ದೆ ಇದ್ದಕ್ಕಿದ್ದಂತೆ ಕೆಟ್ಟರೆ, ಕಿರುಚಾಟ ಹೆಚ್ಚಾದರೆ, ‘ಆಟಿಸಂ ಅಲ್ವಾ’ ಎಂದು ಸುಮ್ಮನಾಗಬೇಡಿ. ಮಲಬದ್ಧತೆ, ಹಲ್ಲುನೋವು, ಕಿವಿನೋವು, ಹೊಟ್ಟೆ ಉರಿ ಇದ್ದರೂ ನಮ್ಮ ಮಕ್ಕಳು ಬಾಯಿಬಿಟ್ಟು ಹೇಳಲಾರರು. ಅಪಸ್ಮಾರವೂ ಇವರಲ್ಲಿ ಇತರ ಮಕ್ಕಳಿಗಿಂತ ಹೆಚ್ಚು. ಮಕ್ಕಳ ವೈದ್ಯರು ಒಮ್ಮೆ ಪೂರ್ತಿ ನೋಡಲಿ. ನಮ್ಮ ಆ ನಾಲ್ಕು ರಾತ್ರಿಗಳ ಹಿಂದೆ ಇದ್ದದ್ದು ಹುಳುಕಾಗಿದ್ದ ಒಂದು ದವಡೆ ಹಲ್ಲು.

ಎರಡನೆಯ ಭಾರ ಕಣ್ಣಿಗೆ ಬೀಳುವುದೇ ಇಲ್ಲ: ಸದಾ ಎಚ್ಚರ. ಮದುವೆ ಮನೆಗೆ ಹೋದರೆ ಬೇರೆಯವರು ಸೀರೆ ನೋಡುತ್ತಾರೆ, ನಾನು ಬಾಗಿಲುಗಳನ್ನು ಎಣಿಸುತ್ತೇನೆ. ವಾದ್ಯದವರು ಎಲ್ಲಿ ಕೂತಿದ್ದಾರೆ, ಗಟ್ಟಿಮೇಳ ಎಷ್ಟು ಹೊತ್ತಿಗೆ, ಅಷ್ಟರೊಳಗೆ ಇವನನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ. ಮಗು ಶಾಂತವಾಗಿದ್ದಾಗಲೂ ಈ ಲೆಕ್ಕ ನಿಲ್ಲುವುದಿಲ್ಲ. ಇದು ದೇಹದಲ್ಲೇ ಗುರುತು ಬಿಡುತ್ತದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮಾರ್ಷಾ ಮೈಲಿಕ್ ಸೆಲ್ಟ್ಜರ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಟಿಸಂ ಇರುವ ಹದಿಹರೆಯದ ಮತ್ತು ದೊಡ್ಡ ಮಕ್ಕಳ ತಾಯಂದಿರ ಎಂಜಲಿನಲ್ಲಿ ಕಾರ್ಟಿಸಾಲ್ ಅಳೆದರು. ಒತ್ತಡ ಬಂದಾಗ ಏರುವ ಹಾರ್ಮೋನು ಅದು. ಇವರಲ್ಲಿ ಹೆಚ್ಚಿರಬಹುದು ಅಂದುಕೊಳ್ಳುತ್ತೇವೆ, ಆದರೆ ಸಿಕ್ಕಿದ್ದು ಇತರ ತಾಯಂದಿರಿಗಿಂತ ಕಡಿಮೆ ಮಟ್ಟ. ವರ್ಷಾನುಗಟ್ಟಲೆ ಒತ್ತಡದಲ್ಲಿ ಇದ್ದವರಲ್ಲಿ ಹೀಗೆ ಕಾಣುತ್ತದೆ. ಗಂಟೆ ಬಾರಿಸಿ ಬಾರಿಸಿ ಕಾವಲುಗಾರನ ಕೈಯೇ ಸೋತ ಹಾಗೆ.

ಮೂರನೆಯದರ ಬಗ್ಗೆ ಮಾತಾಡಲು ನಮ್ಮಲ್ಲಿ ಹಿಂಜರಿಕೆ ಇದೆ. ಅದು ಥೆರಪಿಯ ಹೋಂವರ್ಕ್. ಮಾತು ಕಲಿಸುವ ಸ್ಪೀಚ್‌ ಥೆರಪಿಯವರು ದಿನಕ್ಕೆ ಇಪ್ಪತ್ತು ನಿಮಿಷ ಅನ್ನುತ್ತಾರೆ. ಓಟಿಯವರು, ಅಂದರೆ ಆಕ್ಯುಪೇಶನಲ್ ಥೆರಪಿಯವರು, ಬೆಳಗ್ಗೆ ಸಂಜೆ ಮೈಗೆ ಬ್ರಶ್ ಉಜ್ಜುವ ಬ್ರಶಿಂಗ್, ಜೋಕಾಲಿ ಅನ್ನುತ್ತಾರೆ. ಸ್ಪೆಷಲ್ ಎಜುಕೇಟರ್ ಬಣ್ಣದ ಕಾರ್ಡು ಕಳಿಸುತ್ತಾರೆ. ಒಬ್ಬೊಬ್ಬರದೂ ನ್ಯಾಯವೇ. ಆದರೆ ಮೂವರ ಕೆಲಸವನ್ನೂ ಕೂಡಿಸಿ ನೋಡುವವರು ಯಾರೂ ಇಲ್ಲ. ಕೂಡಿದ್ದೆಲ್ಲ ಒಬ್ಬಳ ತಲೆಯ ಮೇಲೆ ಬರುತ್ತದೆ. ದೋಸೆ ಹಾಕುವಾಗಲೂ ಇದನ್ನೊಂದು ‘ಗೋಲ್’ ಮಾಡಬಹುದಿತ್ತಲ್ಲ ಎಂಬ ಪಾಪಪ್ರಜ್ಞೆ. ನಾನು ಕೊನೆಗೆ ಧೈರ್ಯಮಾಡಿ ಥೆರಪಿಸ್ಟರನ್ನೇ ಕೇಳಿದೆ: ‘ಈ ಮೂರು ತಿಂಗಳಿಗೆ ಮನೆಯಲ್ಲಿ ಒಂದೇ ಒಂದು ಗುರಿ ಅಂದರೆ ಯಾವುದು?’ ಅವರು ಸ್ವಲ್ಪ ಹೊತ್ತು ಯೋಚಿಸಿ, ‘ಬೇಕು, ಬೇಡ ಎರಡನ್ನೂ ತೋರಿಸಿ ಹೇಳೋದು’ ಅಂದರು. ಉಳಿದದ್ದನ್ನು ಬಿಟ್ಟೆವು. ಒಳ್ಳೆಯ ಥೆರಪಿಸ್ಟ್ ಈ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ.

ಇದರ ಪಕ್ಕದಲ್ಲೇ ದುಡ್ಡನ್ನೂ ಆಸೆಯನ್ನೂ ನುಂಗುವ ‘ಗುಣಪಡಿಸುವ’ ಚಿಕಿತ್ಸೆಗಳಿವೆ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಸಾಲ ಮಾಡಿ ಓಡುವ ಮುಂಚೆ ಇದು ನೆನಪಿರಲಿ.

ಇನ್ನು ದೂಷಣೆ. ಮಕ್ಕಳ ಮನೋವೈದ್ಯ ಲಿಯೊ ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳನ್ನು ನೋಡಿ ಆಟಿಸಂ ಅನ್ನು ವಿವರಿಸಿದಾಗಲೇ ಹೆತ್ತವರ ಬಗ್ಗೆ ತಣ್ಣನೆಯವರು ಅನ್ನುವ ಮಾತು ಸೇರಿಕೊಂಡಿತು. ಮುಂದೆ ಅದು, ತಾಯಿಯ ತಣ್ಣನೆಯ ಸ್ವಭಾವದಿಂದಲೇ ಆಟಿಸಂ ಬರುತ್ತದೆ ಅನ್ನುವ ‘ಫ್ರಿಜ್‌ನಂಥ ತಾಯಿ’ ಸಿದ್ಧಾಂತವೇ ಆಗಿ, ಬ್ರೂನೊ ಬೆಟಲ್‌ಹೈಮ್ ಅಂಥವರು ಅದನ್ನು ಊರೂರಿಗೆ ಹರಡಿದರು. ಅದನ್ನು 1964ರಲ್ಲಿ ಪುರಾವೆಸಹಿತ ಮುರಿದವರು ಬರ್ನಾರ್ಡ್ ರಿಮ್ಲೆಂಡ್. ಮನೋವಿಜ್ಞಾನಿ, ಸ್ವತಃ ಆಟಿಸಂ ಇರುವ ಮಗನ ತಂದೆ. ಆಟಿಸಂ ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು, ಅದರಲ್ಲಿ ವಂಶವಾಹಿಗಳ ಪಾಲು ದೊಡ್ಡದು ಎಂಬುದು ಇವತ್ತು ಸಾಬೀತಾದ ವಿಷಯ. ಆದರೂ ನಮ್ಮ ಪಡಸಾಲೆಯಲ್ಲಿ ಆ ಫ್ರಿಜ್ ಬೇರೆ ಬೇರೆ ರೂಪದಲ್ಲಿ ಇನ್ನೂ ನಿಂತಿದೆ. ಬಸುರಿಯಲ್ಲಿ ಗ್ರಹಣ ನೋಡಿದ್ದು, ಆರು ತಿಂಗಳಿಗೇ ಕೆಲಸಕ್ಕೆ ಹೋಗಿದ್ದು, ಮೊಬೈಲ್ ಕೊಟ್ಟಿದ್ದು, ನಾಗನ ಹರಕೆ ಮರೆತಿದ್ದು. ತಪ್ಪು ಕೊನೆಗೆ ಬಂದು ನಿಲ್ಲುವುದು ತಾಯಿಯ ಹತ್ತಿರವೇ.

ಹೊಗಳಿಕೆಯೂ ಇದೇ ಕೆಲಸ ಮಾಡುತ್ತದೆ. ‘ದೇವರು ಇಂಥ ಮಕ್ಕಳನ್ನ ಗಟ್ಟಿ ತಾಯಂದಿರಿಗೇ ಕೊಡೋದು’ ಅಂದವರ ಮನಸ್ಸು ಒಳ್ಳೆಯದೇ. ಆದರೆ ಆ ಮಾತು ಕೇಳಿದ ಮೇಲೆ ‘ನನ್ನ ಕೈಲಾಗ್ತಿಲ್ಲ, ಅರ್ಧ ದಿನ ನೋಡ್ಕೋತೀರಾ’ ಎಂದು ಕೇಳುವುದು ಹೇಗೆ?

ಇನ್ನೊಂದು ತಟ್ಟೆಗೆ ಏನು ಹಾಕಬೇಕು

‘ನಿನ್ನನ್ನು ನೀನು ನೋಡಿಕೊ’ ಎಂದು ಎಲ್ಲರೂ ಹೇಳುತ್ತಾರೆ. ಬೆಳಗ್ಗೆ ಐದಕ್ಕೆ ಎದ್ದು ಧ್ಯಾನ, ವಾಕಿಂಗ್, ಪಾರ್ಲರ್. ಇವು ಕೆಟ್ಟವಲ್ಲ. ಆದರೆ ಐದಕ್ಕೆ ಏಳುವುದೂ ಅವಳೇ ಮಾಡಬೇಕಾದ ಇನ್ನೊಂದು ಕೆಲಸವಾಗಿ ಭಾರದ ತಟ್ಟೆಗೇ ಬೀಳುವುದುಂಟು. ನನ್ನ ಅನುಭವದಲ್ಲಿ ಕೆಲಸ ಮಾಡಿದ ಕಾಳಜಿ ಅಂದರೆ ಎರಡೇ: ಇರುವ ಭಾರವನ್ನು ಇಳಿಸುವುದು, ಮಗುವನ್ನು ಬಲ್ಲ ಇನ್ನೊಂದು ಜೋಡಿ ಕೈ ತಯಾರು ಮಾಡುವುದು.

ಮನಸ್ಸಿನ ಅಭ್ಯಾಸಗಳನ್ನು ಮಾತ್ರ ನಾನು ತಳ್ಳಿಹಾಕುವುದಿಲ್ಲ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಎಲಿಸಬೆತ್ ಡೈಕೆನ್ಸ್ ತಂಡ ಆಟಿಸಂ ಮತ್ತು ಇತರ ಅಂಗವೈಕಲ್ಯ ಇರುವ ಮಕ್ಕಳ 243 ತಾಯಂದಿರನ್ನು ಎರಡು ಗುಂಪು ಮಾಡಿ, ವಾರಕ್ಕೆ ಒಂದೂವರೆ ಗಂಟೆಯಂತೆ ಆರು ವಾರ ತರಗತಿ ನಡೆಸಿತು. ಒಂದು ಗುಂಪಿಗೆ ಉಸಿರಾಟ, ಧ್ಯಾನ; ಇನ್ನೊಂದಕ್ಕೆ ಪಾಪಪ್ರಜ್ಞೆ, ಚಿಂತೆಗಳನ್ನು ನಿಭಾಯಿಸುವ ಪಾಠ. 2014ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡೂ ಗುಂಪಿನಲ್ಲಿ ಒತ್ತಡ, ಆತಂಕ, ಖಿನ್ನತೆ ಇಳಿದಿದ್ದವು. ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಪಾಠ ಹೇಳಿದವರು ಡಾಕ್ಟರುಗಳಲ್ಲ, ತರಬೇತಿ ಪಡೆದ ಅಂಥವೇ ಮಕ್ಕಳ ಅಮ್ಮಂದಿರು. ಥೆರಪಿ ಸೆಂಟರಿನ ಬೆಂಚಿನ ಮೇಲೆ ‘ನಿನ್ನೆ ನಾನೂ ಮಗು ಮೇಲೆ ಕೈ ಎತ್ತಿಬಿಟ್ಟೆ ಕಣ್ರೀ’ ಎಂದು ಒಬ್ಬರು ಹೇಳಿದಾಗ ಪಕ್ಕದಲ್ಲಿದ್ದವರ ಭುಜ ಇಳಿಯುವುದನ್ನು ನಾನು ನೋಡಿದ್ದೇನೆ.

ನಾವು ಮೊದಲು ಮಾಡಿದ್ದು ರಾತ್ರಿಯನ್ನು ಎರಡು ಪಾಳಿ ಮಾಡಿದ್ದು. ಹತ್ತರಿಂದ ಎರಡೂವರೆ ನಮ್ಮನೆಯವರದು, ಎರಡೂವರೆಯಿಂದ ಏಳು ನನ್ನದು. ಪಾಳಿ ಇಲ್ಲದವರು ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಬೇಕು, ಮಗು ಅತ್ತರೂ ಏಳಕೂಡದು. ‘ನಾನು ಬೆಳಗ್ಗೆ ಡ್ಯೂಟಿಗೆ ಹೋಗ್ಬೇಕಲ್ಲ’ ಎಂದು ಅವರು ಒಮ್ಮೆ ಅಂದದ್ದು ನಿಜ. ‘ನಾನೂ ಡ್ಯೂಟಿಲೇ ಇರ್ತೀನಿ’ ಅಂದೆ. ಜಗಳವಾಯಿತು, ಮೂರು ದಿನ ಮಾತಿರಲಿಲ್ಲ, ಆಮೇಲೆ ಪಾಳಿ ಶುರುವಾಯಿತು. ಸತತ ನಾಲ್ಕೂವರೆ ಗಂಟೆ ನಿದ್ದೆ ಅಂದರೆ ಏನು ಅನ್ನುವುದು ಅದು ಇಲ್ಲದವರಿಗಷ್ಟೇ ಗೊತ್ತು.

ಎರಡನೆಯದು ನಾದಿನಿ. ರೊಸ್ಕಾಮ್ ಅವರ ತಂಡ 42 ದೇಶಗಳಲ್ಲಿ ನಡೆಸಿ 2021ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಅವರವರ ಪಾಡು ಅವರವರಿಗೆ ಎಂದು ಬದುಕುವ ಸಮಾಜಗಳಲ್ಲೇ ಹೆತ್ತವರ ಬರ್ನ್‌ಔಟ್ ಹೆಚ್ಚು ಎಂದು ಕಂಡಿತು. ನಮ್ಮದು ಕೂಡು ಬಾಳುವ ಸಮಾಜ, ನಾವು ಕ್ಷೇಮ ಅಂದುಕೊಳ್ಳುವ ಹಾಗಿಲ್ಲ. ಮನೆ ತುಂಬ ಜನ ಇದ್ದರೂ ಆಟಿಸಂ ಇರುವ ಮಗುವನ್ನು ಎತ್ತಿಕೊಳ್ಳುವವರು ಒಬ್ಬರೇ ಆಗಿರುತ್ತಾರೆ. ಅದಕ್ಕೆ ಕಾರಣ ಎಲ್ಲ ಸಲವೂ ಕಲ್ಲುಮನಸ್ಸಲ್ಲ. ಹೆಚ್ಚಿನವರಿಗೆ ಭಯ: ಕಿರುಚಿದರೆ ಏನು ಮಾಡಲಿ, ಓಡಿದರೆ?

ಅದಕ್ಕೇ ಒಂದು ಹಾಳೆ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದೆ.

‘ಕುಕ್ಕರ್ ಇಡುವ ಮುಂಚೆ “ಮೂರು ವಿಷಲ್” ಅಂತ ಹೇಳು. ಎಣಿಸಿಕೊಂಡು ಕೂರುತ್ತಾನೆ. ಹೇಳದಿದ್ದರೆ ಕಿವಿ ಮುಚ್ಚಿಕೊಂಡು ಓಡುತ್ತಾನೆ.
ಮೊಸರನ್ನಕ್ಕೆ ಒಗ್ಗರಣೆ ಬೇಡ. ಸಾಸಿವೆ ಕಂಡರೆ ತಟ್ಟೆ ತಳ್ಳುತ್ತಾನೆ.
“ಲಾಲ್‌ಬಾಗ್” ಅಂತ ಜೋರಾಗಿ ಹೇಳಿದರೆ ಭಯವಾಗಿದೆ ಅಂತ. ಮೆಲ್ಲಗೆ ಹೇಳಿದರೆ ಖುಷಿಯಾಗಿದ್ದಾನೆ.
ಕಿರುಚಿದರೆ ಮಾತು ನಿಲ್ಲಿಸು. ಲೈಟ್ ಆರಿಸು. ಮುಟ್ಟಬೇಡ. ದೂರದಲ್ಲಿ ನೆಲದ ಮೇಲೆ ಕೂತಿರು, ಇಳಿಯುತ್ತದೆ.
ಮುಂಬಾಗಿಲಿಗೆ ಮೇಲಿನ ಚಿಲಕ.’

ಮೊದಲ ಶನಿವಾರ ನಾನು ಅಡುಗೆಮನೆಯಲ್ಲೇ ಇದ್ದೆ, ನಾದಿನಿ ಅವನ ಜೊತೆ ಕೂತಳು. ಎರಡನೆಯ ಶನಿವಾರ ತಾರಸಿಗೆ ಹೋದೆ. ಮೂರನೆಯದಕ್ಕೆ ಹಾಲಿನ ಅಂಗಡಿಗೆ. ಆ ದಿನ ಮಿಕ್ಸಿ ಹಾಕುವಾಗ ಅವಳು ಹೇಳುವುದನ್ನು ಮರೆತಳು, ಅವನು ಅವಳ ಮುಂಗೈ ಕಚ್ಚಿದ. ನಾನು ಬರುವಷ್ಟರಲ್ಲಿ ಇಬ್ಬರೂ ಅಳುತ್ತ ಕೂತಿದ್ದರು. ಇನ್ನು ಅವಳು ಬರುವುದಿಲ್ಲ ಅಂದುಕೊಂಡೆ. ಮುಂದಿನ ಶನಿವಾರ ಗಾಯಕ್ಕೆ ಪ್ಲಾಸ್ಟರ್ ಹಾಕಿಕೊಂಡೇ ಬಂದು, ‘ಅತ್ತಿಗೆ, ಮಿಕ್ಸಿನೂ ಬರೀರಿ ಹಾಳೇಲಿ. ನೀವು ಹೊರಡಿ’ ಅಂದಳು. ಏಳನೆಯ ವಾರಕ್ಕೆ ಎರಡು ಗಂಟೆ ಸಿಕ್ಕಿತು. ಆ ಎರಡು ಗಂಟೆ ನಾನು ಅವಳ ಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ಫ್ಯಾನ್ ಹಾಕಿ ಮಲಗಿದೆ.

ನಿಮಗೆ ನಾದಿನಿ ಇರಬೇಕೆಂದಿಲ್ಲ. ಅಜ್ಜ, ಪಕ್ಕದ ಮನೆಯ ಕಾಲೇಜು ಹುಡುಗಿ, ಇನ್ನೊಬ್ಬ ಅಂಥದೇ ಮಗುವಿನ ಅಮ್ಮ, ಯಾರಾದರೂ ಆದೀತು. ಕಷ್ಟ ಬಂದ ದಿನ ಹುಡುಕಿದರೆ ಸಿಗುವುದಿಲ್ಲ, ಮೊದಲೇ ಮೆಲ್ಲಗೆ ಕಲಿಸಬೇಕು. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರೇ ತರಬೇತಿ ಪಡೆದು ಆಟಿಸಂ ಇರುವ ಮಕ್ಕಳ ಹೆತ್ತವರಿಗೆ ಮಾರ್ಗದರ್ಶನ ಮಾಡಿದರು, ಅದು ಫಲವನ್ನೂ ಕೊಟ್ಟಿತು. ದೊಡ್ಡ ಪದವಿ ಇದ್ದವರಿಂದ ಮಾತ್ರ ಆಗುವ ಕೆಲಸ ಇದಲ್ಲ.

ಕಾಗದ ಪತ್ರದ ಕೆಲಸ

ಇದನ್ನು ಸ್ವಂತ ಕಾಳಜಿ ಎಂದು ಯಾರೂ ಕರೆಯುವುದಿಲ್ಲ, ನಾನು ಕರೆಯುತ್ತೇನೆ. ‘ನಾವು ಹೋದ ಮೇಲೆ ಇವನ ಗತಿ’ ಎಂಬ ಚಿಂತೆ ರಾತ್ರಿಯ ಉಳಿದ ನಿದ್ದೆಯನ್ನೂ ತಿನ್ನುತ್ತದೆ. ಅದರ ತೂಕವನ್ನು ಸ್ವಲ್ಪವಾದರೂ ಇಳಿಸುವುದು ಕಾಗದಗಳೇ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಇದೆ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಸಿಗುತ್ತದೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಅಡಿಯಲ್ಲಿ ‘ನಿರಾಮಯ’ ಆರೋಗ್ಯ ವಿಮೆ ಇದೆ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ. ಥೆರಪಿ ಖರ್ಚಿಗೂ ಅದರಲ್ಲಿ ಒಂದು ಪಾಲು ಇದೆ. ಮಗುವಿಗೆ 18 ತುಂಬಿದ ಮೇಲೆ ಕಾನೂನುಬದ್ಧ ಪಾಲಕರ ನೇಮಕಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬಹುದು. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ತೆರಿಗೆ ಬೀಳುವ ಆದಾಯದಲ್ಲಿ 75,000 ರೂ., ತೀವ್ರ ಅಂಗವೈಕಲ್ಯವಿದ್ದರೆ 1,25,000 ರೂ. ಕಡಿತವಿದೆ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಈ ಅರ್ಜಿಗಳಿಗೆ ನೆರವಾಗುವುದು ಅವರ ಕೆಲಸ.

ಸರ್ಕಾರಿ ಕೆಲಸದಲ್ಲಿರುವ ತಾಯಂದಿರು ಒಂದು ತೀರ್ಪನ್ನು ತಿಳಿದಿರಬೇಕು. ಹಿಮಾಚಲ ಪ್ರದೇಶದ ಸರ್ಕಾರಿ ಕಾಲೇಜಿನ ಒಬ್ಬ ಸಹಾಯಕ ಪ್ರಾಧ್ಯಾಪಕಿ ಆನುವಂಶಿಕ ಕಾಯಿಲೆ ಇರುವ ಮಗನ ಆರೈಕೆಗೆ ಶಿಶುಪಾಲನಾ ರಜೆ ಸಿಗದೆ ಸುಪ್ರೀಂ ಕೋರ್ಟಿಗೆ ಹೋದರು. 2024ರ ಏಪ್ರಿಲ್‌ನಲ್ಲಿ ಕೋರ್ಟು, ಅಂಗವೈಕಲ್ಯ ಇರುವ ಮಗುವಿನ ತಾಯಿಗೆ ಇಂಥ ರಜೆ ನಿರಾಕರಿಸುವುದು ಹೆಣ್ಣುಮಕ್ಕಳು ದುಡಿಮೆಯಲ್ಲಿ ಸಮಾನವಾಗಿ ಪಾಲ್ಗೊಳ್ಳಬೇಕೆಂಬ ಸಂವಿಧಾನದ ಆಶಯಕ್ಕೇ ವಿರುದ್ಧ ಎಂದು ಹೇಳಿತು. ಇಂಗ್ಲೆಂಡಿನ 2014ರ ಕಾನೂನಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿದೆ: ಮಗುವಿನದಷ್ಟೇ ಅಲ್ಲ, ಅದನ್ನು ನೋಡಿಕೊಳ್ಳುವ ಹೆತ್ತವರ ಅಗತ್ಯವೇನು ಎಂಬುದನ್ನೂ ಸ್ಥಳೀಯ ಆಡಳಿತ ಪರಿಶೀಲಿಸಬೇಕು. ನಮ್ಮಲ್ಲಿ ಆ ಪ್ರಶ್ನೆಯನ್ನು ಯಾವ ಕಚೇರಿಯೂ ನನಗೆ ಇವತ್ತಿನವರೆಗೆ ಕೇಳಿಲ್ಲ, ಕೇಳಬೇಕಿತ್ತು.

ಒಂದು ಕಷ್ಟದ ಮಾತು ಉಳಿದಿದೆ. ಬರ್ನ್‌ಔಟ್ ವಿಪರೀತಕ್ಕೆ ಹೋದ ಹಂತದಲ್ಲಿ ಎಲ್ಲಾದರೂ ಓಡಿಹೋಗಬೇಕು, ಸಾಯಬೇಕು, ಮಗುವಿಗೆ ಏನಾದರೂ ಮಾಡಿಬಿಡುತ್ತೇನೇನೋ ಎಂಬ ಯೋಚನೆಗಳು ಬರುತ್ತವೆ ಎಂದು ಸಂಶೋಧನೆಗಳೂ ಹೇಳುತ್ತವೆ, ಬೆಂಚಿನ ಮೇಲಿನ ಅಮ್ಮಂದಿರೂ ದನಿ ತಗ್ಗಿಸಿ ಹೇಳುತ್ತಾರೆ. ಬಂದರೆ ನೀವು ರಾಕ್ಷಸರಲ್ಲ. ಮಗುವನ್ನು ಸುರಕ್ಷಿತ ಜಾಗದಲ್ಲಿ ಬಿಟ್ಟು ಪಕ್ಕದ ಕೋಣೆಗೆ ಹೋಗಿ, ಯಾರನ್ನಾದರೂ ಕರೆಯಿರಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ‘ಮನೋಚೈತನ್ಯ’ ಕಾರ್ಯಕ್ರಮವೂ ಇದೆ. ಯಾವ ದಿನ ಎಂದು ಆಸ್ಪತ್ರೆಯಲ್ಲಿ ಕೇಳಿ. ಅಲ್ಲಿಗೆ ಹೋದಾಗ ಮಗುವಿನ ಫೈಲ್ ಮನೆಯಲ್ಲಿರಲಿ. ಅವತ್ತು ರೋಗಿ ನೀವು.

ಫ್ರಿಜ್ ಮೇಲಿನ ಹಾಳೆ ಎಣ್ಣೆ ಜಿಡ್ಡು ಹಿಡಿದು, ಎರಡು ಸಲ ಬದಲಾಗಿದೆ. ಕಳೆದ ತಿಂಗಳು ನೋಡುತ್ತೇನೆ, ಕೆಳಗೆ ನೀಲಿ ಪೆನ್ನಿನಲ್ಲಿ ನನ್ನದಲ್ಲದ ಅಕ್ಷರ: ‘ಮೆಂತ್ಯ ಸೊಪ್ಪು ಬಿಡಿಸೋಕೆ ಕೊಟ್ಟರೆ ಅರ್ಧ ಗಂಟೆ ಕೂರ್ತಾನೆ. ಎಲೆ ಒಂದು ಕಡೆ, ಕಡ್ಡಿ ಒಂದು ಕಡೆ, ಒಂದೂ ತಪ್ಪಲ್ಲ.’ ಹದಿಮೂರು ವರ್ಷ ಸಾಕಿದ್ದೇನೆ, ನನಗೆ ಇದು ಗೊತ್ತೇ ಇರಲಿಲ್ಲ.